ನಿದ್ದೆಯ ಔಷಧಿಯೂ ನಮ್ಮ ಮನೆಯ ಗಡಿಯಾರವೂ

ಮಗನಿಗೆ ಆರು ವರ್ಷ ತುಂಬುವ ಹೊತ್ತಿಗೆ ರಾತ್ರಿ ಎಂಟೂವರೆಯಾಗುತ್ತಿದೆ ಎಂದರೆ ನನಗೆ ಎದೆ ಭಾರವಾಗತೊಡಗಿತ್ತು. ಎಂಟೂವರೆಗೆ ಅವನನ್ನು ಹಾಸಿಗೆಗೆ ಕರೆದೊಯ್ಯುತ್ತಿದ್ದೆವು, ಹತ್ತಾದರೂ ಅವನು ಎಚ್ಚರವಾಗಿಯೇ ಇರುತ್ತಿದ್ದ. ನಡುವಿನ ಆ ಒಂದೂವರೆ ಗಂಟೆಯಲ್ಲಿ ನೀರು ಕೇಳುವುದು, ಮತ್ತೆ ಮತ್ತೆ ಬಾತ್‌ರೂಮಿಗೆ ಓಡುವುದು, ಹೊದಿಕೆಯನ್ನು ಒದ್ದು ಕೆಳಗೆ ಹಾಕುವುದು, ಗೋಡೆಗೆ ಕಾಲು ಚಾಚಿ ತಲೆಕೆಳಗಾಗಿ ಮಲಗುವುದು, ಒಂದು ಕಥೆ ಮುಗಿದರೆ ಇನ್ನೊಂದು, ಅದೂ ಮುಗಿದರೆ ಅಳು, ಅಳುವಿನ ಮೇಲೆ ನನ್ನ ಗದರಿಕೆ, ಅವನು ಮಲಗಿದ ಮೇಲೆ ನನ್ನ ಪಶ್ಚಾತ್ತಾಪ. ಅವನಿಗೆ ಎಡಿಎಚ್‌ಡಿ, ಅಂದರೆ ಗಮನ ನಿಲ್ಲದ, ಅತಿಯಾಗಿ ಚಡಪಡಿಸುವ ತೊಂದರೆ ಇದೆಯೆಂದು ಗೊತ್ತಾಗಿ ಆಗ ಆರು ತಿಂಗಳಾಗಿತ್ತಷ್ಟೆ. ಅವನ ಹಗಲಿನ ಓಡಾಟಕ್ಕೆ ಹೇಗೋ ಹೊಂದಿಕೊಂಡಿದ್ದೆವು. ರಾತ್ರಿಗೆ ಹೊಂದಿಕೊಳ್ಳಲು ನಮ್ಮಿಂದ ಆಗಲಿಲ್ಲ. ಆದ್ದರಿಂದ ಮುಂದಿನ ಭೇಟಿಯಲ್ಲಿ ವೈದ್ಯರ ಎದುರು ಕುಳಿತ ಕೂಡಲೇ ನಾನು ಕೇಳಿದ್ದು ಒಂದೇ ಪ್ರಶ್ನೆ: "ಡಾಕ್ಟರೇ, ಇವನಿಗೆ ನಿದ್ದೆ ಬರುವುದಕ್ಕೆ ಏನಾದರೂ ಔಷಧಿ ಕೊಡಬಹುದೇ?"

ಕೊಡಬಹುದು, ಕೊಡಬಾರದು ಎಂದು ಅವರು ಹೇಳಲಿಲ್ಲ. ಮಗು ಗೊರಕೆ ಹೊಡೆಯುತ್ತದೆಯೇ, ಮಲಗಿದಾಗ ಕಾಲು ಆಡಿಸುತ್ತದೆಯೇ, ಎಡಿಎಚ್‌ಡಿಗೆ ಕೊಡುವ ದಿನದ ಎರಡನೆಯ ಮಾತ್ರೆ ಎಷ್ಟು ಹೊತ್ತಿಗೆ ಕೊಡುತ್ತಿದ್ದೀರಿ, ಶಾಲೆಯಿಲ್ಲದ ದಿನ ತಾನಾಗಿ ಎಷ್ಟಕ್ಕೆ ಏಳುತ್ತಾನೆ ಎಂದು ಕೇಳುತ್ತಾ ಹೋದರು. ಕೊನೆಯದನ್ನು ಬಿಟ್ಟರೆ ಉಳಿದ ಯಾವುದಕ್ಕೂ ನನ್ನ ಬಳಿ ನೆಟ್ಟಗಿನ ಉತ್ತರವಿರಲಿಲ್ಲ. "ಎರಡು ವಾರ ಬರೆದಿಡಿ, ಆಮೇಲೆ ಮಾತಾಡೋಣ" ಎಂದು ಕಳುಹಿಸಿಕೊಟ್ಟರು. ಔಷಧಿ ಕೇಳಲು ಹೋದವಳ ಕೈಗೆ ನೋಟ್‌ಬುಕ್ಕಿನ ಕೆಲಸ ಸಿಕ್ಕಿತಲ್ಲ ಎಂದು ಅವತ್ತು ನನಗೆ ಸಿಟ್ಟೇ ಬಂದಿತ್ತು. ಅಲ್ಲಿಂದ ಒಂದೂವರೆ ವರ್ಷದಲ್ಲಿ ನಾವು ತಿಳಿದುಕೊಂಡದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ನಾನು ವೈದ್ಯೆಯಲ್ಲ, ಅವನಿಗೆ ಕೊಟ್ಟ ಔಷಧಿಯ ಪ್ರಮಾಣವನ್ನು ಬೇಕೆಂದೇ ಬರೆದಿಲ್ಲ, ಏಕೆಂದರೆ ಅದನ್ನು ಓದಿ ಇನ್ನೊಂದು ಮಗುವಿಗೆ ಕೊಡುವಂತಾಗಬಾರದು.

ಹದಿನಾಲ್ಕು ದಿನಗಳ ನೋಟ್‌ಬುಕ್ಕಿನಲ್ಲಿ ಮೂರೇ ಕಾಲಂಗಳಿದ್ದವು: ದೀಪ ಆರಿಸಿದ್ದು ಎಷ್ಟಕ್ಕೆ, ನಿದ್ದೆ ಹತ್ತಿದ್ದು ಎಷ್ಟಕ್ಕೆ, ಎದ್ದದ್ದು ಎಷ್ಟಕ್ಕೆ. ಮೊದಲ ವಾರದಲ್ಲಿ ನನಗೆ ಏನೂ ಹೊಳೆಯಲಿಲ್ಲ. ಎರಡನೆಯ ವಾರ ನಾವು ಊರಿನಿಂದ ತಡವಾಗಿ ಮರಳಿದ ಒಂದು ದಿನ ಅವನನ್ನು ಒಂಬತ್ತೂವರೆಗೆ ಮಲಗಿಸಿದೆವು, ಅವನು ಹತ್ತಕ್ಕೆ ಐದು ನಿಮಿಷವಿರುವಾಗ ನಿದ್ದೆ ಹೋದ. ಪುಟ ತಿರುಗಿಸಿ ನೋಡಿದರೆ, ಎಂಟಕ್ಕೆ ಮಲಗಿಸಿದ ದಿನವೂ, ಎಂಟೂವರೆಗೆ ಮಲಗಿಸಿದ ದಿನವೂ ನಿದ್ದೆ ಹತ್ತಿದ್ದು ಒಂಬತ್ತೂ ಮುಕ್ಕಾಲರಿಂದ ಹತ್ತೂ ಕಾಲರ ಒಳಗೇ. ಅಂದರೆ ಅವನಿಗೆ ನಿದ್ದೆ ಬರುತ್ತಿರಲಿಲ್ಲ ಎನ್ನುವುದೇ ತಪ್ಪು. ಅವನ ನಿದ್ದೆ ದಿನವೂ ಹೆಚ್ಚುಕಡಿಮೆ ಅದೇ ಹೊತ್ತಿಗೆ ಬರುತ್ತಿತ್ತು. ನಾವು ಹೇಳಿದ ಹೊತ್ತಿಗೆ ಬರುತ್ತಿರಲಿಲ್ಲ, ಅಷ್ಟೆ.

ಎಡಿಎಚ್‌ಡಿ ಇರುವ ಮಕ್ಕಳಲ್ಲಿ ಇದು ಅಪರೂಪವೇನೂ ಅಲ್ಲವೆಂದು ಆಮೇಲೆ ತಿಳಿಯಿತು. ಕತ್ತಲಾದ ಮೇಲೆ ಮಿದುಳಿನ ಪೀನಿಯಲ್ ಗ್ರಂಥಿಯು ಮೆಲಟೋನಿನ್ ಎಂಬ ಹಾರ್ಮೋನನ್ನು ಸ್ರವಿಸತೊಡಗುತ್ತದೆ. ಇದು ರಾತ್ರಿಯಾಯಿತೆಂದು ದೇಹಕ್ಕೆ ಸಾರುವ ಡಂಗುರ. 1958ರಲ್ಲಿ ಅಮೆರಿಕದ ಚರ್ಮವೈದ್ಯ ಆರನ್ ಲರ್ನರ್ ಮತ್ತು ಅವರ ಸಂಗಡಿಗರು ಇದನ್ನು ಬೇರ್ಪಡಿಸಿದಾಗ ಅವರು ಹುಡುಕುತ್ತಿದ್ದುದು ನಿದ್ದೆಯನ್ನಲ್ಲ, ಕಪ್ಪೆಯ ಚರ್ಮವನ್ನು ತಿಳಿಯಾಗಿಸುವ ವಸ್ತುವನ್ನು. ಹೆಸರೂ ಅಲ್ಲಿಂದಲೇ ಬಂದದ್ದು. ಎಡಿಎಚ್‌ಡಿಯ ಜೊತೆಗೆ ನಿದ್ದೆ ಹತ್ತಲು ತೀರಾ ತಡವಾಗುವ ಮಕ್ಕಳನ್ನು ಪರೀಕ್ಷಿಸಿದ ಡಚ್ ಸಂಶೋಧಕರು, ಅಂಥ ತೊಂದರೆಯಿಲ್ಲದ ಎಡಿಎಚ್‌ಡಿ ಮಕ್ಕಳಿಗಿಂತ ಅವರಲ್ಲಿ ಈ ಸ್ರಾವ ಸುಮಾರು 45 ನಿಮಿಷ ತಡವಾಗಿ ಶುರುವಾಗುವುದನ್ನು 2005ರಲ್ಲಿ ವರದಿ ಮಾಡಿದರು. ಆ ಮುಕ್ಕಾಲು ಗಂಟೆಯ ಹಿಂದೆಮುಂದೆ ಎಷ್ಟು ಮನೆಗಳಲ್ಲಿ ಎಷ್ಟು ಗದರಿಕೆಗಳು ನಡೆದಿರಬಹುದು ಎಂದು ನಾನು ಆಗಾಗ ಯೋಚಿಸುತ್ತೇನೆ. ಬೆಳಕು ಇದನ್ನು ಇನ್ನಷ್ಟು ಕೆಡಿಸುತ್ತದೆ. ಮೂರರಿಂದ ಐದು ವರ್ಷದ ಹತ್ತು ಮಕ್ಕಳ ಮೇಲೆ ನಡೆದ ಒಂದು ಸಣ್ಣ ಅಧ್ಯಯನದಲ್ಲಿ, ಮಲಗುವ ಮುಂಚಿನ ಒಂದು ಗಂಟೆ ಪ್ರಖರವಾದ ಬೆಳಕಿನಲ್ಲಿ ಆಟವಾಡಿದ ಮಕ್ಕಳ ಮೆಲಟೋನಿನ್ ಶೇಕಡಾ 88ರಷ್ಟು ಕುಸಿದಿತ್ತು. ನಮ್ಮ ಮಲಗುವ ಕೋಣೆಯ ಟ್ಯೂಬ್‌ಲೈಟನ್ನು ಅದೇ ವಾರ ತೆಗೆಸಿದೆವು.

ವೈದ್ಯರು ಕೇಳಿದ ಉಳಿದ ಪ್ರಶ್ನೆಗಳೂ ಸುಮ್ಮನೆ ಕೇಳಿದವುಗಳಾಗಿರಲಿಲ್ಲ. ಗೊರಕೆ, ಬಾಯಿ ತೆರೆದು ಉಸಿರಾಡುವುದು, ನಿದ್ದೆಯಲ್ಲಿ ಉಸಿರು ಕಟ್ಟಿದಂತಾಗುವುದು ಇದ್ದರೆ ಟಾನ್ಸಿಲ್ ಮತ್ತು ಅಡೆನಾಯ್ಡ್ ದಪ್ಪವಾಗಿರಬಹುದು, ಅಂಥ ಮಗುವಿಗೆ ನಿದ್ದೆಯ ಔಷಧಿ ಕೊಡುವುದಕ್ಕಿಂತ ಮೊದಲು ಅದನ್ನು ನೋಡಿಸಬೇಕು. ನಮ್ಮವನಿಗೆ ಅದಿರಲಿಲ್ಲ. ಆದರೆ ಕಾಲಿನ ವಿಷಯ ಹಾಗಲ್ಲ. ಒಂದು ರಾತ್ರಿ, "ಸುಮ್ಮನೆ ಮಲಗೋ ಅಂದರೆ ಮಲಗಬಾರದಾ?" ಎಂದು ನಾನು ಜೋರು ಮಾಡಿದಾಗ ಅವನು ಅಳುದನಿಯಲ್ಲಿ, "ಅಮ್ಮ, ನಾನು ಮಲಗಿದೀನಿ. ಕಾಲು ಮಲಗ್ತಾ ಇಲ್ಲ" ಎಂದ. ನನಗೆ ನಗು ಬಂತು. ನೋಟ್‌ಬುಕ್ಕಿನ ಅಂಚಿನಲ್ಲಿ ಆ ಮಾತನ್ನು ಹಾಗೆಯೇ ಬರೆದಿಟ್ಟೆ. ವೈದ್ಯರು ಬೇರೆಲ್ಲವನ್ನೂ ಬಿಟ್ಟು ಆ ಸಾಲನ್ನೇ ಎರಡು ಸಲ ಓದಿದರು. ಕಾಲಿನೊಳಗೆ ಏನೋ ಹರಿದಾಡಿದಂತಾಗಿ ಆಡಿಸದೆ ಇರಲಾಗದ ತೊಂದರೆಯೊಂದಿದೆ, ದೇಹದಲ್ಲಿ ಕಬ್ಬಿಣಾಂಶದ ದಾಸ್ತಾನು ಕಡಿಮೆಯಾದಾಗ ಅದು ಹೆಚ್ಚುತ್ತದೆ, ಚಿಕ್ಕ ಮಕ್ಕಳಿಗೆ ಅದನ್ನು ವರ್ಣಿಸಲು ಮಾತು ಸಾಲದೆ ಹೊರಗಿನವರಿಗೆ ಬರೀ ಚೇಷ್ಟೆಯಂತೆ ಕಾಣುತ್ತದೆ ಎಂದು ವಿವರಿಸಿ ಆ ದಾಸ್ತಾನನ್ನು ತೋರಿಸುವ ಫೆರಿಟಿನ್ ಎಂಬ ರಕ್ತಪರೀಕ್ಷೆ ಮಾಡಿಸಲು ಹೇಳಿದರು. ಹಿಮೋಗ್ಲೋಬಿನ್ ಸರಿಯಾಗಿದ್ದೂ ಫೆರಿಟಿನ್ ಕಡಿಮೆ ಇರಬಹುದು. ಕಾಲಿನ ಈ ತೊಂದರೆಯಿರುವ ಮಕ್ಕಳಲ್ಲಿ ಫೆರಿಟಿನ್ ಮಿಲಿಲೀಟರಿಗೆ 50 ನ್ಯಾನೊಗ್ರಾಂಗಿಂತ ಕೆಳಗಿದ್ದರೆ ಕಬ್ಬಿಣಾಂಶ ಕೊಡುವುದನ್ನು ತಜ್ಞರು ಪರಿಗಣಿಸುತ್ತಾರೆ. ನಮ್ಮ ಮಗನದು 19 ಇತ್ತು. ಕಬ್ಬಿಣದ ಸಿರಪ್ ಶುರುವಾಯಿತು. ಮೂರು ತಿಂಗಳಾಗುವಷ್ಟರಲ್ಲಿ ಹೊದಿಕೆ ಹಾಸಿಗೆಯ ಮೇಲೆಯೇ ಉಳಿಯತೊಡಗಿತು. ನಾನು ಕೇಳಿಕೊಂಡು ಹೋಗಿದ್ದ ನಿದ್ದೆಯ ಔಷಧಿಯನ್ನು ಅವತ್ತೇ ಬರೆದುಕೊಟ್ಟಿದ್ದರೆ ಈ ಕಾಲು ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ.

ಎರಡನೆಯ ಮಾತ್ರೆಯದು ಇನ್ನೊಂದು ಕಥೆ. ಎಡಿಎಚ್‌ಡಿಗೆ ಕೊಡುವ ಮಿಥೈಲ್‌ಫೆನಿಡೇಟ್‌ನ ಸಾಮಾನ್ಯ ಮಾತ್ರೆ ಮೂರು ನಾಲ್ಕು ಗಂಟೆ ಕೆಲಸ ಮಾಡುತ್ತದೆ, ನಿಧಾನವಾಗಿ ಬಿಡುಗಡೆಯಾಗುವ ಬಗೆಯದು ಎಂಟರಿಂದ ಹನ್ನೆರಡು ಗಂಟೆ. ಇದು ಸಂಜೆಗೆ ಚಾಚಿಕೊಂಡರೆ ನಿದ್ದೆ ತಡವಾಗುತ್ತದೆಂಬುದು ಎಲ್ಲರಿಗೂ ಗೊತ್ತಿರುವ ಮಾತು. ಆದರೆ ಔಷಧಿಯ ಪ್ರಭಾವ ಇಳಿಯುವ ಹೊತ್ತಿನಲ್ಲಿ ಕೆಲವು ಮಕ್ಕಳಲ್ಲಿ ಚಡಪಡಿಕೆ ಮೊದಲಿಗಿಂತ ಹೆಚ್ಚಾಗುತ್ತದೆ, ಅದು ಮಲಗುವ ಹೊತ್ತಿಗೇ ಬಂದರೆ ನೋಡುವವರಿಗೆ ಎರಡೂ ಒಂದೇ ರೀತಿ ಕಾಣುತ್ತವೆ. ಯಾವುದೆಂದು ತಿಳಿಯಲು ಸಮಯ ಬರೆದಿಡದೆ ಬೇರೆ ದಾರಿಯಿಲ್ಲ. ನಾವು ಮಾತ್ರೆಯನ್ನು ಒಂದು ಗಂಟೆ ಮೊದಲೇ ಕೊಡತೊಡಗಿದೆವು, ಅದರಿಂದ ಸ್ವಲ್ಪ ಉಪಯೋಗವಾಯಿತು.

ಇಷ್ಟಾದ ಮೇಲೂ ವೈದ್ಯರು ಔಷಧಿಗೆ ಕೈಹಾಕಲಿಲ್ಲ. ಬದಲಾಗಿ ಮಗುವನ್ನು ತಡವಾಗಿ ಮಲಗಿಸಿ ಎಂದರು. ನನಗೆ ನಂಬಲಾಗಲಿಲ್ಲ. ಅವನಿಗೆ ನಿಜವಾಗಿ ನಿದ್ದೆ ಬರುವ ಹೊತ್ತಿಗೆ, ಅಂದರೆ ಒಂಬತ್ತೂ ಮುಕ್ಕಾಲಿಗೆ ಹಾಸಿಗೆಗೆ ಕರೆದೊಯ್ಯುವುದು, ಹಾಸಿಗೆಯೆಂದರೆ ಜಗಳವಲ್ಲ, ನಿದ್ದೆ ಎಂಬುದು ಅವನ ಮೈಗೆ ಮನವರಿಕೆಯಾಗುವ ತನಕ ಹಾಗೆಯೇ ನಡೆಸುವುದು, ಬೆಳಗ್ಗೆ ಮಾತ್ರ ರಜೆಯಿರಲಿ ಶಾಲೆಯಿರಲಿ ಒಂದೇ ಹೊತ್ತಿಗೆ ಎಬ್ಬಿಸುವುದು, ಆಮೇಲೆ ಕೆಲವು ದಿನಕ್ಕೊಮ್ಮೆ ಹದಿನೈದು ನಿಮಿಷದಂತೆ ಮಲಗುವ ಹೊತ್ತನ್ನು ಮುಂಚಿತಗೊಳಿಸುವುದು. ಆರರಿಂದ ಹನ್ನೆರಡು ವರ್ಷದವರಿಗೆ ದಿನಕ್ಕೆ 9ರಿಂದ 12 ಗಂಟೆ ನಿದ್ದೆ ಬೇಕೆಂದು ಓದಿಕೊಂಡಿದ್ದ ನನಗೆ ಆ ಮೊದಲ ವಾರ ಮಗುವಿಗೆ ಅನ್ಯಾಯ ಮಾಡುತ್ತಿದ್ದೇನೆ ಅನ್ನಿಸಿತು. ಆದರೆ ನಾಲ್ಕನೆಯ ರಾತ್ರಿ ಅವನು ದೀಪ ಆರಿಸಿದ ಹತ್ತೇ ನಿಮಿಷಕ್ಕೆ ನಿದ್ದೆ ಹೋದ. ಅಷ್ಟು ಬೇಗ ಕೋಣೆಯಿಂದ ಹೊರಬಂದು ಏನು ಮಾಡಬೇಕೆಂದು ತೋಚದೆ ನಾನು ಹೊರಗೆ ಸುಮ್ಮನೆ ನಿಂತಿದ್ದೆ. ಇಂಥ ಅಭ್ಯಾಸಗಳ ಬಗ್ಗೆ ಪಾಲಕರಿಗೆ ಎರಡು ಸಲ ಕೂರಿಸಿ ಹೇಳಿಕೊಟ್ಟು, ಒಮ್ಮೆ ಫೋನಿನಲ್ಲಿ ವಿಚಾರಿಸಿದ್ದರಿಂದಲೇ ನಿದ್ದೆಯಷ್ಟೇ ಅಲ್ಲ, ಎಡಿಎಚ್‌ಡಿಯ ಲಕ್ಷಣಗಳೂ ತುಸು ತಗ್ಗಿದವೆಂದು ಆಸ್ಟ್ರೇಲಿಯಾದಲ್ಲಿ 244 ಮಕ್ಕಳ ಮೇಲೆ ನಡೆದು 2015ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿದೆ. ಈ ಭಾಗವನ್ನು ಹೆಚ್ಚಿನ ಪಾಲಕರು ದಾಟಿಕೊಂಡು ಹೋಗುತ್ತಾರೆ. ನಾನೂ ದಾಟಲು ಹೊರಟವಳೇ.

ಒಂಬತ್ತೂಕಾಲಕ್ಕಿಂತ ಮುಂಚೆ ಬರಲು ನಿದ್ದೆ ಒಪ್ಪದೆ ನಿಂತಾಗ ಮೆಲಟೋನಿನ್ ಬಂತು. ಇದನ್ನು ಮಂಪರು ತರಿಸುವ ಔಷಧಿಯೆಂದು ತಿಳಿದವರೇ ಹೆಚ್ಚು, ನಾವೂ ಹಾಗೆಯೇ ತಿಳಿದಿದ್ದೆವು. ಸಣ್ಣ ಪ್ರಮಾಣದಲ್ಲಿ ಇದು ಮುಖ್ಯವಾಗಿ ದೇಹದ ಗಡಿಯಾರದ ಮುಳ್ಳನ್ನು ಸರಿಸುತ್ತದೆ. ಹಾಗಾಗಿ ಎಷ್ಟು ಕೊಡುತ್ತೇವೆ ಎಂಬುದರಷ್ಟೇ ಯಾವಾಗ ಕೊಡುತ್ತೇವೆ ಎಂಬುದೂ ಮುಖ್ಯ. ಮೊದಲ ಹತ್ತು ದಿನ ನಾವು ಮಾಡಿದ ತಪ್ಪೂ ಅದೇ: ಮಗು ಮಲಗುತ್ತದೇನೋ ಎಂದು ಕಾದು, ಮಲಗದಿದ್ದ ದಿನ ಮಾತ್ರ ಹತ್ತು ಗಂಟೆಗೆ ಕೊಡುತ್ತಿದ್ದೆವು. ದೇಹದ ಸ್ವಂತ ಮೆಲಟೋನಿನ್ ಆಗಲೇ ಶುರುವಾಗಿರುವ ಹೊತ್ತಿನಲ್ಲಿ ಹೊರಗಿನಿಂದ ಕೊಟ್ಟರೆ ಗಡಿಯಾರ ಮುಂಚಿತವಾಗುವುದಿಲ್ಲ. "ಕೆಲಸ ಮಾಡುತ್ತಿಲ್ಲ, ಪ್ರಮಾಣ ಹೆಚ್ಚಿಸಿ" ಎಂದು ಕೇಳಲು ಹೋದಾಗ ವೈದ್ಯರು ಪ್ರಮಾಣವನ್ನು ಹಾಗೆಯೇ ಬಿಟ್ಟು, ಕೊಡುವ ಹೊತ್ತನ್ನು ಸಂಜೆಗೆ ತಂದು, ದಿನವೂ ಅದೇ ಹೊತ್ತಿಗೆ ಕೊಡಿ ಎಂದರು.

ಅದರಿಂದ ಎಷ್ಟು ನಿರೀಕ್ಷಿಸಬಹುದು ಎಂಬುದನ್ನು ಮೊದಲೇ ತಿಳಿದಿದ್ದರೆ ನಿರಾಶೆ ಕಡಿಮೆಯಾಗುತ್ತಿತ್ತು. 2007ರಲ್ಲಿ ಪ್ರಕಟವಾದ ಡಚ್ ಪ್ರಯೋಗದಲ್ಲಿ ಆರರಿಂದ ಹನ್ನೆರಡು ವರ್ಷದ, ಎಡಿಎಚ್‌ಡಿಯಿರುವ 105 ಮಕ್ಕಳು ಭಾಗವಹಿಸಿದ್ದರು. ನಾಲ್ಕು ವಾರ ಮೆಲಟೋನಿನ್ ಪಡೆದವರಲ್ಲಿ ನಿದ್ದೆ ಹತ್ತುವ ಹೊತ್ತು ಸರಾಸರಿ 27 ನಿಮಿಷ ಮುಂಚಿತವಾಯಿತು. ಹಗಲಿನ ವರ್ತನೆಯಲ್ಲಾಗಲಿ ಗಮನದಲ್ಲಾಗಲಿ ಬದಲಾವಣೆ ಕಾಣಲಿಲ್ಲ. ಅರ್ಧ ಗಂಟೆ ಎಂದರೆ ಕಡಿಮೆಯೆನ್ನಿಸಬಹುದು. ಪ್ರತಿ ರಾತ್ರಿ ಆ ಅರ್ಧ ಗಂಟೆಯನ್ನು ಕತ್ತಲಲ್ಲಿ ಕುಳಿತು ಕಳೆದವರಿಗೆ ಅದು ಕಡಿಮೆಯಲ್ಲ. ಆದರೆ ಶಾಲೆಯ ದೂರುಗಳು ಇದರಿಂದ ನಿಲ್ಲುತ್ತವೆಂದು ಕಾಯುವುದು ಬೇಡ.

ಆರು ವರ್ಷಕ್ಕಿಂತ ಚಿಕ್ಕ ಮಕ್ಕಳ ವಿಷಯದಲ್ಲಿ ಆಧಾರ ಇನ್ನೂ ತೆಳು. ಅಮೆರಿಕದ ಮಕ್ಕಳ ವೈದ್ಯರ ಸಂಘದ 2019ರ ಮಾರ್ಗಸೂಚಿಯಂತೆ ನಾಲ್ಕೈದು ವರ್ಷದವರಿಗೆ ಎಡಿಎಚ್‌ಡಿಗೇ ಮೊದಲು ಕೊಡಬೇಕಾದದ್ದು ಮಾತ್ರೆಯಲ್ಲ, ಮಗುವಿನ ವರ್ತನೆಯನ್ನು ನಿಭಾಯಿಸಲು ಪಾಲಕರಿಗೆ ತರಬೇತಿ. ನಿದ್ರಾಹೀನತೆಗಾಗಿ ಅಲ್ಲಿನ ಔಷಧ ನಿಯಂತ್ರಣ ಸಂಸ್ಥೆ ಮಕ್ಕಳಿಗೆಂದು ಅನುಮೋದಿಸಿದ ಔಷಧಿ ಒಂದೂ ಇಲ್ಲ. ಮೆಲಟೋನಿನ್ ಅಲ್ಲಿ ಔಷಧಿಯ ಲೆಕ್ಕಕ್ಕೇ ಬರದೆ ಪೂರಕ ಆಹಾರವಾಗಿ, ಮಿಠಾಯಿಯಂಥ ಗಮ್ಮಿಗಳ ರೂಪದಲ್ಲಿ ಮಾರಾಟವಾಗುತ್ತದೆ. 2023ರಲ್ಲಿ ಅಂಥ 25 ಗಮ್ಮಿ ಉತ್ಪನ್ನಗಳನ್ನು ಪರೀಕ್ಷಿಸಿದಾಗ 22ರಲ್ಲಿ ಲೇಬಲ್ಲಿನ ಮೇಲಿದ್ದ ಪ್ರಮಾಣಕ್ಕೂ ಒಳಗಿದ್ದುದಕ್ಕೂ ಹೊಂದಿಕೆಯಿರಲಿಲ್ಲ. ಒಂದರಲ್ಲಿ ಮೆಲಟೋನಿನ್ ಇರಲೇ ಇಲ್ಲ. ಮಕ್ಕಳು ಮೆಲಟೋನಿನ್ ನುಂಗಿದ ಬಗ್ಗೆ ಅಮೆರಿಕದ ವಿಷ ಮಾಹಿತಿ ಕೇಂದ್ರಗಳಿಗೆ 2012ರಲ್ಲಿ 8,337 ವರದಿಗಳು ಬಂದಿದ್ದರೆ, 2021ರಲ್ಲಿ 52,563 ಬಂದಿದ್ದವು. ಮಿಠಾಯಿಯ ರುಚಿಯಿರುವ ಔಷಧಿಯನ್ನು, ಅದರಲ್ಲೂ ಕೈಗೆ ಸಿಕ್ಕಿದ್ದನ್ನು ಯೋಚಿಸದೆ ಬಾಯಿಗೆ ಹಾಕುವ ನನ್ನ ಮಗನಂಥವರಿರುವ ಮನೆಗೆ ತರುವುದು ನನಗಂತೂ ಒಪ್ಪಿಗೆಯಿಲ್ಲ. ನಾವು ವೈದ್ಯರು ಹೇಳಿದ ಸಾದಾ ಮಾತ್ರೆಯನ್ನೇ ತಂದು ಬೀಗವಿರುವ ಕಪಾಟಿನಲ್ಲಿಟ್ಟೆವು.

ಬಂಧುಗಳೊಬ್ಬರು, "ಶೀತದ ಸಿರಪ್ ಒಂದು ಚಮಚ ಕುಡಿಸಿ, ಹಾಯಾಗಿ ಮಲಗುತ್ತಾನೆ" ಎಂದು ಸಲಹೆ ಕೊಟ್ಟಿದ್ದರು. ಅವರ ಉದ್ದೇಶ ಒಳ್ಳೆಯದೇ. ಆದರೆ ಅಂಥ ಸಿರಪ್‌ಗಳಲ್ಲಿರುವ ಡೈಫೆನ್‌ಹೈಡ್ರಮೈನ್‌ನಂಥ ಅಲರ್ಜಿಯ ಔಷಧಿಗಳ ಮಂಪರು ಕೆಲವೇ ದಿನಗಳಲ್ಲಿ ಕುಂದುತ್ತದೆ, ಕೆಲವು ಮಕ್ಕಳಲ್ಲಿ ನಿದ್ದೆಯ ಬದಲು ಉದ್ರೇಕವನ್ನೇ ತರುತ್ತದೆ; ಇದೇ ಗುಂಪಿನ ಪ್ರೊಮೆಥಜೀನ್ ಎರಡು ವರ್ಷಕ್ಕಿಂತ ಚಿಕ್ಕವರಲ್ಲಿ ಉಸಿರಾಟವನ್ನೇ ಕುಗ್ಗಿಸಬಹುದಾದ್ದರಿಂದ ಅವರಿಗೆ ಅದು ನಿಷಿದ್ಧ. ದೊಡ್ಡವರ ನಿದ್ದೆ ಮಾತ್ರೆ ಝೋಲ್ಪಿಡೆಮ್ ಅನ್ನು ಎಡಿಎಚ್‌ಡಿಯಿರುವ 201 ಮಕ್ಕಳ ಮೇಲೆ ಪ್ರಯೋಗಿಸಿ 2009ರಲ್ಲಿ ಫಲಿತಾಂಶ ಪ್ರಕಟಿಸಿದ್ದಾರೆ: ನಿದ್ದೆ ಬೇಗ ಹತ್ತಲಿಲ್ಲ, ಔಷಧಿ ಪಡೆದವರಲ್ಲಿ ಶೇಕಡಾ 7ರಷ್ಟು ಮಕ್ಕಳಿಗೆ ಇಲ್ಲದ್ದು ಕಾಣುವ ಭ್ರಮೆಯುಂಟಾಯಿತು. ರಕ್ತದೊತ್ತಡದ ಔಷಧಿಯಾಗಿ ಬಂದ ಕ್ಲೋನಿಡೈನ್ ಅನ್ನು ಮಾತ್ರ ತಜ್ಞರು ಕೆಲವು ಮಕ್ಕಳಿಗೆ ರಾತ್ರಿ ಹೊತ್ತು ಕೊಡುತ್ತಾರೆ. ಅದರ ನಿಧಾನ ಬಿಡುಗಡೆಯ ರೂಪಕ್ಕೆ 2010ರಲ್ಲಿ ಅಮೆರಿಕದಲ್ಲಿ ಆರು ವರ್ಷ ಮೇಲ್ಪಟ್ಟವರ ಎಡಿಎಚ್‌ಡಿಗೆ ಅನುಮೋದನೆ ಸಿಕ್ಕಿದೆ, ನಿದ್ದೆಗಲ್ಲ. ಅದರಿಂದ ನಾಡಿಬಡಿತ ಮತ್ತು ರಕ್ತದೊತ್ತಡ ಇಳಿಯುತ್ತವೆ, ಪ್ರಮಾಣ ಸ್ವಲ್ಪ ಮೀರಿದರೂ ಚಿಕ್ಕ ಮಗುವಿಗೆ ಅಪಾಯ, ಥಟ್ಟನೆ ನಿಲ್ಲಿಸಿದರೆ ರಕ್ತದೊತ್ತಡ ಏರುತ್ತದೆ. ಮಗು ವಾಂತಿ ಮಾಡಿಕೊಂಡ ದಿನ ಏನು ಮಾಡಬೇಕು, ಒಂದು ಹೊತ್ತು ಮರೆತರೆ ಏನು ಮಾಡಬೇಕು ಎಂಬುದನ್ನು ಮೊದಲೇ ಕೇಳಿಕೊಳ್ಳದೆ ಇದನ್ನು ಮನೆಗೆ ತರಬಾರದು.

ಕಳೆದ ಬೇಸಿಗೆ ರಜೆಯಲ್ಲಿ, ಇನ್ನೂ ಬೇಕೋ ಬೇಡವೋ ನೋಡೋಣವೆಂದು ವೈದ್ಯರು ಮೆಲಟೋನಿನ್ ನಿಲ್ಲಿಸಿದರು. ನೋಟ್‌ಬುಕ್ಕು ಮತ್ತೆ ಹೊರಬಂತು. ಮೊದಲ ರಾತ್ರಿ ಒಂಬತ್ತು ನಲವತ್ತು, ಎರಡನೆಯ ರಾತ್ರಿ ಒಂಬತ್ತೂವರೆ, ಮೂರನೆಯ ರಾತ್ರಿ ಒಂಬತ್ತು ಇಪ್ಪತ್ತು. ನಾಲ್ಕನೆಯ ರಾತ್ರಿಯ ಸಾಲು ಖಾಲಿ ಇದೆ, ಏಕೆಂದರೆ ಅವನಿಗಿಂತ ಮೊದಲು ನಾನೇ ನಿದ್ದೆ ಹೋಗಿದ್ದೆ.