ಐಬಿಎಂ ಕೋವಿ, ಅಂಡರ್‌ವುಡ್ ನಳಿಗೆ

ನಮ್ಮ ಕೊಪ್ಪದ ಮನೇಲಿ ಅಜ್ಜನ ಕಾಲದ ಒಂದು ತೋಟೆ ಕೋವಿ ಇತ್ತು, ಬೆಳೆ ರಕ್ಷಣೆಗೆ ಅಂತ ಲೈಸೆನ್ಸ್ ಇದ್ದಿದ್ದು, ಎಲೆಕ್ಷನ್ ಬಂತು ಅಂದ್ರೆ ಅಪ್ಪ ಅದನ್ನ ಹಳೇ ಪಂಚೇಲಿ ಸುತ್ಕೊಂಡು ಹೋಗಿ ಠಾಣೇಲಿ ಡಿಪಾಸಿಟ್ ಮಾಡಿ ಬರೋರು. ಕೋವಿ ಹುಚ್ಚು ನಂಗೆ ಅಲ್ಲಿಂದ್ಲೇ ಹತ್ತಿದ್ದು. ಆದ್ರೆ ಅಮೆರಿಕಕ್ಕೆ ಬಂದು ಎಚ್‌ಒನ್‌ಬಿ ಕೆಲಸದ ವೀಸಾದಲ್ಲಿ ಇದ್ದಷ್ಟು ವರ್ಷ ತಗೊಳ್ಳೋ ಯೋಚನೆ ಮಾಡ್ಲಿಲ್ಲ. ಗ್ರೀನ್ ಕಾರ್ಡ್ ಕೈಗೆ ಬಂದ್ಮೇಲೆ ಇಲ್ಲಿ ಓಹಾಯೋದಲ್ಲಿ ಗುರಿ ಅಭ್ಯಾಸದ ರೇಂಜ್‌ನಲ್ಲಿ ಪರಿಚಯ ಆದ ಒಬ್ಬ ಹಿರಿಯರ ಹತ್ರ, ಡೀಲರ್ ಮೂಲಕ ಫಾರಂ ತುಂಬಿ ಬ್ಯಾಕ್‌ಗ್ರೌಂಡ್ ಚೆಕ್ ಆಗಿ, ಒಂದು ಎಂ1 ಕಾರ್ಬೈನ್ ತಗೊಂಡೆ.

ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ಸೈನಿಕರು ಹಿಡಿದಿದ್ದ ಗಿಡ್ಡ, ಹಗುರ ಬಂದೂಕು ಇದು. 1942ರಿಂದ 45ರ ಒಳಗೆ 60 ಲಕ್ಷಕ್ಕೂ ಜಾಸ್ತಿ ಮಾಡಿದ್ರು, ಅದೂ ಬಂದೂಕು ಕಂಪನಿಗಳಷ್ಟೇ ಅಲ್ಲ, ಕಾಸು ಹಾಕಿದ್ರೆ ಹಾಡೋ ಜೂಕ್‌ಬಾಕ್ಸ್ ಮಾಡ್ತಿದ್ದ ರಾಕ್-ಓಲಾ, ಟೈಪ್‌ರೈಟರ್ ಮಾಡ್ತಿದ್ದ ಅಂಡರ್‌ವುಡ್, ಜನರಲ್ ಮೋಟಾರ್ಸ್‌ನ ಇನ್‌ಲ್ಯಾಂಡ್ (ನಮ್ಮ ಪಕ್ಕದ ಡೇಟನ್ ಊರಲ್ಲೇ), ಆಮೇಲೆ ಐಬಿಎಂ ಕೂಡ. ಹೌದು, ಅದೇ ಐಬಿಎಂ, ನ್ಯೂಯಾರ್ಕ್ ರಾಜ್ಯದ ಪೊಕೀಪ್ಸಿಯಲ್ಲಿ ಮೂರೂವರೆ ಲಕ್ಷದ ಹತ್ರ ಮಾಡಿದ್ರು. ನಂದು ಅದೇ. ಬೆಂಗಳೂರಿನ ಸಾಫ್ಟ್‌ವೇರ್ ಕೆಲಸದಿಂದ ಬಂದೋನಿಗೆ ಆ ಹೆಸರು ಉಕ್ಕಿನ ಮೇಲೆ ಕೆತ್ತಿರೋದು ನೋಡಿದ್ರೆ ಏನಾಗತ್ತೆ ಅಂತ ನೀವೇ ಊಹಿಸ್ಕೊಳ್ಳಿ. ಗುರಿ ನೋಡೋ ಹಿಂದಿನ ಸೈಟ್ ಆ ಹೆಸರಿನ ಮೇಲೇ ಕೂತಿರೋದ್ರಿಂದ ಟಾರ್ಚ್ ಓರೆ ಹಿಡಿದ್ರೆ ಮಾತ್ರ ಅಕ್ಷರದ ಅಂಚು ಕಾಣತ್ತೆ.

ಮೊದಲ ದಿನ ರಾತ್ರಿ ಊಟದ ಟೇಬಲ್ ಮೇಲೆ ಟವೆಲ್ ಹಾಸಿ ಬಿಚ್ಚಿದೆ. ನಳಿಗೇನ ಮರಕ್ಕೆ ಹಿಡಿದಿಡೋ ಮುಂದಿನ ಬ್ಯಾಂಡಿನ ಸ್ಕ್ರೂ ಸಡಿಲ ಮಾಡಿ, ನಳಿಗೆ ಮೇಲಕ್ಕೆತ್ತಿದ್ರೆ ಮರದಿಂದ ಬಿಟ್ಟು ಬರತ್ತೆ, ಅಷ್ಟು ಸಲೀಸು. ಒಂದೊಂದೇ ಭಾಗ ಒರೆಸ್ತಾ ಹೋದ ಹಾಗೆ ಮುದ್ರೆಗಳು ಕಾಣಿಸ್ತಾ ಬಂದ್ವು, ನಳಿಗೆ ಮೇಲೆ ಅಂಡರ್‌ವುಡ್ 11-43 (ಅಂದ್ರೆ 1943ರ ನವೆಂಬರ್), ತೋಟೇನ ನಳಿಗೆಯೊಳಗೆ ತಳ್ಳೋ ಬೋಲ್ಟ್ ಮೇಲೆ ವಿಂಚೆಸ್ಟರ್ ಕಂಪನಿಯ ಡಬ್ಲ್ಯೂ, ಟ್ರಿಗರ್ ಕೂರೋ ಹೌಸಿಂಗ್ ಇನ್‌ಲ್ಯಾಂಡ್‌ದು, ಮರದ ಮೇಲೆ ಆರ್‌ಆರ್‌ಎ ಅಂತ ಒತ್ತು, ಅಂದ್ರೆ ಟೆಕ್ಸಸ್‌ನ ರೆಡ್ ರಿವರ್ ಆರ್ಸೆನಲ್ ಅನ್ನೋ ಸೈನ್ಯದ ಶಸ್ತ್ರಾಗಾರದಲ್ಲಿ ರಿಪೇರಿ ಆಗಿದ್ದು.

ಕಲೆಕ್ಟರ್‌ಗಳಲ್ಲಿ ಕೆಲವರು ಇಂಥಾ ಬೇರೆ ಬೇರೆ ಕಂಪನಿ ಭಾಗ ಸೇರಿದ ಕೋವೀನ ತಗೊಂಡು, ಹುಡುಕಿ ಹುಡುಕಿ ಐಬಿಎಂ ಭಾಗಗಳನ್ನೇ ಕೂರಿಸಿ "ಕರೆಕ್ಟ್" ಮಾಡ್ತಾರೆ. ಹಾಗೆ ಮಾಡಿದ್ರೆ ಬೆಲೆ ಜಾಸ್ತಿ. ನಂಗೆ ಇದು ತಪ್ಪು ಅನ್ಸತ್ತೆ, ಗಟ್ಟಿಯಾಗೇ ಹೇಳ್ತೀನಿ. ಯುದ್ಧದ ಸಮಯದಲ್ಲೇ ಈ ಕಂಪನಿಗಳು ಒಬ್ಬರಿಗೆ ಕಮ್ಮಿ ಬಿದ್ದ ಭಾಗ ಇನ್ನೊಬ್ಬರಿಂದ ತರಿಸ್ಕೊಳ್ತಿದ್ರು, ಫ್ಯಾಕ್ಟರಿಯಿಂದ ಹೊರಗೆ ಬರೋವಾಗ್ಲೇ ಎಷ್ಟೋ ಕೋವಿಗಳು ಮಿಶ್ರ. ಆಮೇಲೆ ಆರ್ಸೆನಲ್‌ಗಳಲ್ಲಿ ರಾಶಿ ರಾಶಿ ಬಿಚ್ಚಿ, ಅಕಸ್ಮಾತ್ ಈಡು ಹಾರದ ಹಾಗೆ ತಡೆಯೋ ಸೇಫ್ಟಿ ಬದಲಾಯಿಸಿದ್ರು, ಯಾಕಂದ್ರೆ ಮೊದಲಿನ ಸೇಫ್ಟಿ ಬಟನ್ನು ಮ್ಯಾಗಜೀನ್ (ತೋಟೆ ತುಂಬೋ ಡಬ್ಬಿ) ಬಿಡಿಸೋ ಬಟನ್ ಪಕ್ಕದಲ್ಲೇ ಇದ್ದು, ಸೈನಿಕರು ಗಡಿಬಿಡೀಲಿ ಸೇಫ್ಟಿ ಒತ್ತೋಕೆ ಹೋಗಿ ಪಕ್ಕದ್ದನ್ನ ಒತ್ತಿ ಮ್ಯಾಗಜೀನೇ ಕೆಳಗೆ ಬೀಳ್ತಿತ್ತು. ಆ ಬದಲಾವಣೆ ಎಲ್ಲ ಕಿತ್ತು ಹಾಕಿ ಹೊಸದರ ಹಾಗೆ ಮಾಡಿದ್ರೆ ಅದು ಪಟ್ಟ ಪಾಡೆಲ್ಲ ಅಳಿಸಿಹೋಯ್ತಲ್ಲ. ನಮ್ಮಜ್ಜನ ಕೋವಿ ಹಿಡಿ ಸೀಳಿದಾಗ ಊರಿನ ಆಚಾರಿ ಬೀಟೆ ಮರದಲ್ಲಿ ಹೊಸದು ಮಾಡಿಕೊಟ್ಟಿದ್ರು, ನಮ್ಮನೇಲಿ ಯಾರೂ ಅದು ಅಜ್ಜನ ಕೋವಿ ಅಲ್ಲ ಅನ್ಲಿಲ್ಲ.

ನಾನು ಬದಲಾಯಿಸಿದ್ದು ಒಂದೇ, ಪ್ರತಿ ಈಡಾದ್ಮೇಲೆ ಬೋಲ್ಟನ್ನ ಮತ್ತೆ ಮುಂದಕ್ಕೆ ತಳ್ಳೋ ರಿಕಾಯಿಲ್ ಸ್ಪ್ರಿಂಗ್. ಶುರುವಿನಲ್ಲಿ ಮೂರು ಈಡಿಗೊಂದು ಸಲ ಖಾಲಿ ತೋಟೆ ಹೊರಗೆ ಹಾರದೆ ಬೋಲ್ಟಿಗೆ ಸಿಕ್ಕಾಕೊಳ್ತಿತ್ತು, ಹಳೇ ಸ್ಪ್ರಿಂಗ್ ಅಳೆದು ನೋಡಿದ್ರೆ 10 ಇಂಚಿನ ಮೇಲೆ ಇರ್ಬೇಕಾದ್ದು ಅದಕ್ಕಿಂತ ಗಿಡ್ಡ ಆಗಿತ್ತು. ಹಳೇದನ್ನ ಬಿಸಾಡಿಲ್ಲ, ಕವರ್‌ನಲ್ಲಿ ಹಾಕಿ ಜೊತೇಲೇ ಇಟ್ಟಿದೀನಿ. ತಗೊಳ್ಳೋರು ಇದ್ರೆ ಒಂದು ಮಾತು, ನಳಿಗೆ ತುದಿ ನೋಡಿ. ಇದನ್ನ ತುದಿಯಿಂದ್ಲೇ ಸರಳು ಹಾಕಿ ಕ್ಲೀನ್ ಮಾಡ್ಬೇಕಾಗಿದ್ರಿಂದ ಎಷ್ಟೋ ಕೋವಿಗಳಲ್ಲಿ ಅಲ್ಲಿ ಸವೆದಿರತ್ತೆ. ಇನ್ನೊಂದು, ಈಡಿನ ಗ್ಯಾಸಿಂದ ಬೋಲ್ಟನ್ನ ಹಿಂದಕ್ಕೆ ಓಡಿಸೋ ಗ್ಯಾಸ್ ಪಿಸ್ಟನ್ನಿಗೆ ಎಣ್ಣೆ ಹಾಕ್ಬೇಡಿ, ಅದು ಒಣಗಿದ್ರೇನೇ ಒಳ್ಳೇದು.

ಖಾಲಿ ಕೋವಿ ಎರಡೂವರೆ ಕೆಜಿಯೂ ಇಲ್ಲ, ಹೆಗಲಿಗೆ ಒದೆಯೋದೇ ಇಲ್ಲ ಅನ್ನಬಹುದು. 100 ಗಜದಲ್ಲಿ ನಂದು ನಾಲ್ಕು ಇಂಚಿನ ಒಳಗೆ ಹೊಡೆಯತ್ತೆ, ನಂಗೆ ಅಷ್ಟು ಸಾಕು. 15 ಈಡು ಮುಗಿದ್ರೂ ಬೋಲ್ಟ್ ತಾನಾಗಿ ತೆರೆದು ನಿಲ್ಲಲ್ಲ, ಎಳೆದು ಹಿಡ್ಕೊಂಡು ಪುಟ್ಟ ಪಿನ್ ಒತ್ತಬೇಕು, ರೇಂಜ್‌ನಲ್ಲಿ ಸೀಸ್‌ಫೈರ್ (ಎಲ್ಲರೂ ಹೊಡೆಯೋದು ನಿಲ್ಲಿಸಿ) ಅಂದಾಗ ನಾನು ಮೊದಲು ಮಾಡೋದೇ ಅದು.

ಹೋದ ಬೇಸಿಗೇಲಿ ಅಪ್ಪ ಬಂದಿದ್ರು. ವಿಸಿಟರ್ ವೀಸಾದವರು ಸಾಮಾನ್ಯವಾಗಿ ಕೋವಿ ಕೈಗೆ ತಗೊಳ್ಳೋ ಹಾಗಿಲ್ಲ, ಅದಕ್ಕೆ ಕಿವಿಗೆ ಮಫ್ ಹಾಕ್ಕೊಂಡು ಹಿಂದೆ ಬೆಂಚ್ ಮೇಲೆ ಕೂತಿದ್ರು. ಎರಡು ಮ್ಯಾಗಜೀನ್ ಮುಗಿಸಿ ತಿರುಗಿದ್ರೆ ಅವರು ಕಾಲ ಬುಡಕ್ಕೆ ಉರುಳಿ ಬಂದಿದ್ದ ಒಂದು ಖಾಲಿ ತೋಟೆ ಎತ್ತಿ ಮೂಗಿನ ಹತ್ರ ಹಿಡಿದು, "ವಾಸನೆ ಮಾತ್ರ ನಮ್ಮನೇದೇ ಕಣೋ" ಅಂದ್ರು.