ಇನ್ನೂರ ಹತ್ತು ಸಿಗದವರ ಮನೆಗೆ ಬಂದ ಮಾಸ್ಟ್ರು

ಈಗ ಶಾಲೆಯಲ್ಲಿರುವ ಮಕ್ಕಳಿಗೆ 210 ಸುಮ್ನೆ ಒಂದು ಸಂಖ್ಯೆ. ನಮ್ಮ ಕಾಲದವರಿಗೆ ಹಾಗಲ್ಲ. 2005ರಲ್ಲಿ ಗ್ರೇಡ್ ಬರುವ ಮೊದಲು ಕೇರಳದ ಎಸ್ಸೆಸ್ಸೆಲ್ಸಿಯಲ್ಲಿ 600ಕ್ಕೆ 210 ಬಂದರೆ ಪಾಸ್. ಫಲಿತಾಂಶದ ದಿನ ನಮ್ಮ ಕಾಸರಗೋಡು ಜಿಲ್ಲೆಯ ಬದಿಯಡ್ಕ ಪೇಟೆಯಲ್ಲಿ ಸಿಕ್ಕಿದವರೆಲ್ಲ "ಇನ್ನೂರ ಹತ್ತು ಉಂಟಾ?" ಎಂದೇ ಕೇಳುತ್ತಿದ್ದರು. ನನಗೆ ಇರಲಿಲ್ಲ.

ಹತ್ತನೇ ಕ್ಲಾಸಿನ ಆ ವರ್ಷ ಮನೆಯಲ್ಲೂ ನೆಮ್ಮದಿ ಇರಲಿಲ್ಲ. ಅಡಿಕೆಗೆ ಕೊಳೆರೋಗ ಬಂದಿತ್ತು. ಮೈಲುತುತ್ತು, ಸುಣ್ಣದ ಮದ್ದು ಮರಗಳಿಗೆ ಒಂದು ಸಲ ಬಿಟ್ಟಾಗಿತ್ತು. ಎರಡನೇ ಸಲಕ್ಕೆ ಮಳೆ ಬಿಡುವು ಕೊಡಲಿಲ್ಲ. ತೋಟದ ತುಂಬ ಹಸಿ ಕಾಯಿ ಉದುರಿ ಕೊಳೆಯುತ್ತಿತ್ತು. ಶಾಲೆಯಿಂದ ಬಂದ ಕೂಡಲೇ ಅದನ್ನು ಹೆಕ್ಕುವುದು ನನ್ನ ಕೆಲಸ. ಅಪ್ಪ ಮಾತು ಕಡಿಮೆ ಮಾಡಿದ್ದರು. ಅಂಥ ಮನೆಗೆ ನನ್ನ ಫಲಿತಾಂಶವೂ ಬಂತು.

ಮರುದಿನ ಲೆಕ್ಕದ ಮಾಸ್ಟ್ರು ಕೊಡೆ ಹಿಡಿದುಕೊಂಡು ಅಂಗಳಕ್ಕೆ ಬಂದರು. ನಾನು ಅಡುಗೆಕೋಣೆಯ ಹಿಂದೆ ಹೋಗಿ ನಿಂತೆ. ಅಮ್ಮ ಬೆಲ್ಲ, ನೀರು ತಂದಿಟ್ಟರು. ಅವರು ಜಗಲಿಯಲ್ಲಿ ಕುಳಿತು ಅಪ್ಪನ ಹತ್ತಿರ ಬಹಳ ಹೊತ್ತು ಅಡಿಕೆಯ ವಿಷಯವೇ ಮಾತಾಡಿದರು. ಈ ಸಲ ಮದ್ದಿಗೆ ಯಾರು ಬರ್ತಾರೆ, ಯಾವಾಗ ಬಿಡ್ತೀರಿ, ಇಂಥದ್ದೇ. ತಿಂಗಳುಗಳ ನಂತರ ಅಪ್ಪ ಅಷ್ಟು ಮಾತಾಡಿದ್ದನ್ನು ನಾನು ಗೋಡೆಯಾಚೆಯಿಂದ ಕೇಳಿದೆ. ಆಮೇಲೆ ಮಾಸ್ಟ್ರು ನನ್ನನ್ನು ಕರೆದರು. "ಲೆಕ್ಕದ ಪುಸ್ತಕ ತಾ" ಎಂದರು.

ಚಕ್ರಬಡ್ಡಿಯ ಒಂದು ಲೆಕ್ಕ. ನಾನು ಅರ್ಧಕ್ಕೆ ಬಿಟ್ಟದ್ದು. ಜೇಬಿನಿಂದ ಕೆಂಪು ಪೆನ್ನು ತೆಗೆದು ಮೊದಲ ಸಾಲಿಗೆ ರೈಟ್ ಹಾಕಿದರು. ಎರಡನೇ ಸಾಲಿಗೂ ಹಾಕಿದರು, ಮೂರನೆಯದಕ್ಕೂ. ನಾಲ್ಕನೇ ಸಾಲಿನಲ್ಲಿ ಪೆನ್ನು ನಿಂತಿತು. ಅಲ್ಲಿ ತಪ್ಪು ಗುರುತು ಹಾಕಲಿಲ್ಲ. "ಇಲ್ಲಿವರೆಗೆ ಬಂದಿದ್ದಿ ನೋಡು. ಇನ್ನೆಷ್ಟು ಉಂಟು? ಎರಡು ಸಾಲು. ನಾಳೆಯಿಂದ ಸಂಜೆ ಶಾಲೆಗೆ ಬಾ" ಎಂದು ಹೇಳಿ ಎದ್ದರು. ಇಷ್ಟು ದೂರ ನಡೆದು ಬರಬೇಕಿತ್ತಾ ಎಂದು ಅಮ್ಮ ಕೇಳಿದರು. "ಪಾಸಾದವರು ಮಿಠಾಯಿ ಹಿಡಿದುಕೊಂಡು ನನ್ನ ಹತ್ತಿರ ಬರ್ತಾರೆ. ಉಳಿದವರ ಹತ್ತಿರ ನಾನೇ ಹೋಗಬೇಕಲ್ವಾ" ಎಂದರು.

ಆ ವಾರ ಅವರು ಎಲ್ಲರ ಮನೆಗೂ ಹೋಗಿದ್ದರು. ಒಬ್ಬ ಮಂಗಳೂರಿನ ಹೋಟೆಲಿಗೆ ಹೊರಟು ಚೀಲ ಕಟ್ಟಿದ್ದನಂತೆ. ಅವನೂ ಸಂಜೆ ಕ್ಲಾಸಿಗೆ ಬಂದ. ಶಾಲೆಯ ಜಗಲಿಯಲ್ಲಿ ಕುಳಿತ ನಮ್ಮಲ್ಲಿ ಮನೆಯಲ್ಲಿ ತುಳು ಆಡುವವರು, ಬ್ಯಾರಿ, ಮಲಯಾಳ, ಮರಾಟಿ, ಹವ್ಯಕ ಆಡುವವರು ಎಲ್ಲ ಇದ್ದೆವು. ಲೆಕ್ಕ ಮಾತ್ರ ಕನ್ನಡದಲ್ಲಿ. ಕತ್ತಲಾದರೆ ಮಾಸ್ಟ್ರು ಟಾರ್ಚ್ ಹಿಡಿದು ಹುಡುಗಿಯರನ್ನು ರಸ್ತೆಯವರೆಗೆ ಬಿಟ್ಟು ಬರುತ್ತಿದ್ದರು. ಮುಂದಿನ ಮಾರ್ಚಿನಲ್ಲಿ ನಾನು ಪಾಸಾದೆ.

"ಕನ್ನಡದಲ್ಲಿ ಕಲಿತು ಎಲ್ಲಿ ಕೆಲಸ ಸಿಗ್ತದೆ?" ಎನ್ನುವ ಮಾತು ಆಗಲೂ ಇತ್ತು, ಈಗಲೂ ಇದೆ. 1956ರ ನವೆಂಬರ್ 1ಕ್ಕೆ ಕಾಸರಗೋಡು ಕೇರಳಕ್ಕೆ ಸೇರಿದ ಮೇಲೆ ನಮ್ಮ ಅಜ್ಜಂದಿರೂ ಇದನ್ನು ಕೇಳಿದವರೇ. ಮಾಸ್ಟ್ರು ಇದಕ್ಕೆ ಭಾಷಣ ಮಾಡಲಿಲ್ಲ. ಕವಿ ಕಯ್ಯಾರ ಕಿಞ್ಞಣ್ಣ ರೈಗಳು ಇಲ್ಲೇ ಪೆರಡಾಲದಲ್ಲಿ ಮಕ್ಕಳಿಗೆ ಪಾಠ ಮಾಡಿದವರು ಎಂದು ಒಂದು ಸಲ ಹೇಳಿದರು, ಮತ್ತೆ ಲೆಕ್ಕ ಮುಂದುವರಿಸಿದರು. ನನಗೆ ಅಷ್ಟೇ ಸಾಕಾಯಿತು.

2020ರ ಮಾರ್ಚ್ ನೆನಪಿದೆಯಲ್ಲ? ಕರ್ನಾಟಕ ತಲಪಾಡಿಯಲ್ಲಿ ಗಡಿ ಮುಚ್ಚಿತು, ಒಳದಾರಿಗಳಿಗೆ ಮಣ್ಣು ಬಿತ್ತು. ಕಾಸರಗೋಡಿನಿಂದ ಮಂಗಳೂರಿಗೆ ಸುಮಾರು 50 ಕಿಲೋಮೀಟರ್. ನಮಗೆ ದೊಡ್ಡ ಆಸ್ಪತ್ರೆ ಅಂದರೆ ಅಲ್ಲಿಯದೇ. ಆಂಬುಲೆನ್ಸ್ ಗಡಿಯಿಂದ ಹಿಂದೆ ಬಂದು ಜೀವ ಹೋದ ಸುದ್ದಿಗಳನ್ನು ಓದುತ್ತಾ ಮನೆಯೊಳಗೆ ಕುಳಿತಿದ್ದೆವು. ಆಚೆಯವರಿಗೆ ನಾವು ಕೇರಳದವರು, ಈಚೆಯವರಿಗೆ ಕನ್ನಡದವರು. ಯಾರಿಗೂ ಬೇಡವಾದೆವಾ ಅನ್ನಿಸಿತ್ತು. ನಮ್ಮ ಬ್ಯಾಚಿನ ವಾಟ್ಸಾಪ್ ಗುಂಪಿನಲ್ಲಿ ಭಯದ ಸುದ್ದಿಗಳೇ ಜಾಸ್ತಿ. ಒಂದು ಬೆಳಿಗ್ಗೆ ಒಬ್ಬಳು, "ಅಮ್ಮನ ಮಾತ್ರೆ ನಾಡಿದ್ದಿಗೆ ಮುಗೀತದೆ, ಮಂಗಳೂರಿನ ಡಾಕ್ಟರು ಬರೆದದ್ದು" ಎಂದು ಹಾಕಿದಳು. ಅಲ್ಲಿಂದ ಗುಂಪಿನ ಮಾತು ಬದಲಾಯಿತು. ಯಾರ ಮನೆಯಲ್ಲಿ ವಯಸ್ಸಾದವರು ಒಬ್ಬರೇ ಇದ್ದಾರೆ, ಯಾರಿಗೆ ಯಾವ ಮಾತ್ರೆ ಬೇಕು ಎಂದು ಪಟ್ಟಿ ಮಾಡಿ ಫೋನ್ ಮಾಡುವ ಕೆಲಸ ಹಂಚಿಕೊಂಡೆವು. ಮದ್ದಿನ ಅಂಗಡಿಯ ಗೆಳೆಯ ಚೀಟಿಯ ಫೋಟೋ ನೋಡಿ ಹುಡುಕಿಕೊಟ್ಟ. ಕೇರಳದ ಫೈರ್ ಫೋರ್ಸಿನವರು ಆ ದಿನಗಳಲ್ಲಿ ರೋಗಿಗಳ ಮನೆಗೆ ಮದ್ದು ಮುಟ್ಟಿಸುತ್ತಿದ್ದರು, ಅವರನ್ನು ಮರೆಯಬಾರದು. ಏಪ್ರಿಲ್‌ನಲ್ಲಿ ಉಕ್ಕಿನಡ್ಕದ ಮೆಡಿಕಲ್ ಕಾಲೇಜಿನ ಕಟ್ಟಡ ಕೋವಿಡ್ ಆಸ್ಪತ್ರೆಯಾಯಿತು. ತಿರುವನಂತಪುರದಿಂದ ಡಾಕ್ಟರುಗಳು, ನರ್ಸುಗಳು ರಸ್ತೆಯಲ್ಲೇ ಅಷ್ಟು ದೂರ ಬಂದರು.

ಫೋನ್ ಮಾಡುವಾಗ ನನಗೊಂದು ತಿಳಿಯಿತು. "ಧೈರ್ಯದಿಂದಿರಿ" ಅಂದರೆ ಆಚೆ ಕಡೆ ಮಾತು ನಿಂತುಹೋಗುತ್ತದೆ. "ಊಟಕ್ಕೆ ಎಂಥ ಪದಾರ್ಥ?" ಎಂದು ಕೇಳಿದರೆ ಅರ್ಧ ಗಂಟೆ ಮಾತು. ಹಲಸಿನ ಕಾಲ ಬೇರೆ, ಹೇಳುವುದಕ್ಕೆ ಎಷ್ಟಿಲ್ಲ!

ನನ್ನ ಪಟ್ಟಿಯಲ್ಲಿ ಮಾಸ್ಟ್ರ ಹೆಸರೂ ಇತ್ತು. ನಿವೃತ್ತರಾಗಿ ಕಾಲವಾಗಿತ್ತು, ಕಿವಿ ಸ್ವಲ್ಪ ಮಂದ. ಏನಾದರೂ ಬೇಕಾ ಮಾಸ್ಟ್ರೇ ಎಂದೆ. "ಮಾತ್ರೆ ಉಂಟು, ಅಕ್ಕಿ ಉಂಟು. ಲೆಕ್ಕ ಬಾರದ ಮಕ್ಕಳಿದ್ದರೆ ನಂಬರ್ ಕೊಡು" ಎಂದರು. ಜೂನ್‌ನಲ್ಲಿ ಕೇರಳ ಸರಕಾರದ ಶಿಕ್ಷಣ ಚಾನೆಲ್ ವಿಕ್ಟರ್ಸಿನ ಆನ್‌ಲೈನ್ ಕ್ಲಾಸ್ ಶುರುವಾದಾಗ ನಿಜವಾಗಿಯೂ ನಂಬರ್ ಕೊಟ್ಟೆವು. ಟಿವಿ ಪಾಠ ಮುಗಿದ ಮೇಲೆ ಮಕ್ಕಳು ಅವರಿಗೆ ಫೋನ್ ಮಾಡುತ್ತಿದ್ದರು. ಕೂಲಿಗೆ ಹೋಗುವ ಅಮ್ಮನ ಮೊಬೈಲ್ ಸಂಜೆ ಮನೆಗೆ ಬರುವುದನ್ನು ಕಾದು ಫೋನ್ ಮಾಡುತ್ತಿದ್ದ ಒಬ್ಬಳು ಹುಡುಗಿ ಇದ್ದಳು. ಅವಳ ಫೋನ್ ಬಂದ ಮೇಲೆಯೇ ಮಾಸ್ಟ್ರು ಊಟಕ್ಕೆ ಕೂರುತ್ತಿದ್ದರು ಎಂದು ಅವರ ಮನೆಯವರು ಹೇಳಿದ್ದಾರೆ.

ಈಗ ಎಸ್ಸೆಸ್ಸೆಲ್ಸಿಯಲ್ಲಿ ಹೆಚ್ಚುಕಡಿಮೆ ಎಲ್ಲರೂ ಪಾಸ್. ಆದರೆ ಪ್ಲಸ್ ವನ್ ಅಂದರೆ ಹನ್ನೊಂದನೇ ಕ್ಲಾಸಿನ ಸೀಟು ಹಂಚುವ ಅಲಾಟ್‌ಮೆಂಟಿನಲ್ಲಿ ಹೆಸರು ಬಾರದೆ, ಬೇಕಾದ ವಿಷಯ ಸಿಗದೆ ಮುಖ ಸಣ್ಣ ಮಾಡಿಕೊಂಡು ಕೂರುವ ಮಕ್ಕಳು ಪ್ರತಿ ವರ್ಷ ಇದ್ದಾರೆ. ಮೊದಲ ಪಟ್ಟಿ ಬಂದ ಮರುದಿನ ನಾವು ಕೆಲವು ಹಳೆ ವಿದ್ಯಾರ್ಥಿಗಳು ಆ ಮನೆಗಳಿಗೆ ಹೋಗುತ್ತಿದ್ದೇವೆ. ಬದಿಯಡ್ಕ ಕಡೆಗೆ ಜನ ಇದ್ದಾರೆ. ಪೆರ್ಲ, ಸೀತಾಂಗೋಳಿ ಕಡೆಗೆ ಸಾಲದು. ಬೈಕ್ ಇದ್ದವರು ಶಾಲೆಯ ಆಫೀಸಿನಲ್ಲಿ ಹೆಸರು ಕೊಡಿ.