ಇಂಗ್ಲೆಂಡಿನಲ್ಲಿ ಕೋಳಿ ಸಾಕಿದ್ದಕ್ಕೆ ಬಂದ ಪತ್ರ

ನಮ್ಮ ಕಲಬುರಗಿ ಕಡೆ ಕೋಳಿಗಾಗಿ ಜಗಳ ಆಗೋದೇನೂ ಹೊಸದಲ್ಲ. ಅಂಗಳದಲ್ಲಿ ಒಣಹಾಕಿದ ಜೋಳಕ್ಕೆ ಬಾಯಿ ಹಾಕಿದರೆ ಓಣಿಗೆಲ್ಲ ಕೇಳುವ ಹಾಗೆ ಬೈಗುಳ ಬೀಳುತ್ತವೆ. ಆದರೆ ಕೂಗಿತು ಅಂತ ಯಾರೂ ತಕರಾರು ತೆಗೆದದ್ದು ನನಗೆ ಗೊತ್ತಿಲ್ಲ. ಇಲ್ಲಿ ಅದೇ ಕಾರಣಕ್ಕೆ ಕೌನ್ಸಿಲ್‌ನಿಂದ, ಅಂದರೆ ನಮ್ಮ ಮಹಾನಗರ ಪಾಲಿಕೆ ಇದ್ದ ಹಾಗೆ, ಮನೆಗೆ ಪತ್ರ ಬಂತು.

ಹಿತ್ತಲಲ್ಲಿ ಇರುವುದು ನಾಲ್ಕು ಹೇಂಟೆ. ಹುಂಜ ಬೇಡವೇ ಬೇಡ ಅಂತ ಮೊದಲೇ ಬಿಟ್ಟಿದ್ದೆವು. ಆದರೂ ಒಂದು ತತ್ತಿ ಇಟ್ಟು ಕೂಗಲು ಶುರು ಮಾಡಿದರೆ ಉಳಿದವೂ ದನಿ ಸೇರಿಸುತ್ತವೆ, ಗೂಡಿನ ಬಾಗಿಲಲ್ಲಿ ಜಾಗಕ್ಕೆ ಕಾದು ನಿಂತದ್ದು ಬೇರೆ ಕಿರುಚುತ್ತದೆ. ಜೂನ್‌ನಲ್ಲಿ ಇಲ್ಲಿ ಐದು ಗಂಟೆಗೂ ಮುಂಚೆ ಸೂರ್ಯ ಹುಟ್ಟುತ್ತಾನೆ. ಕೋಳಿಗಳಿಗೆ ಅಷ್ಟು ಬೆಳಕು ಸಾಕು.

ಅವ್ವನಿಗೆ ಫೋನಿನಲ್ಲಿ ಹೇಳಿದರೆ ನಕ್ಕಳು. "ಅದರ ಬಾಯಿಗಿ ಕೀಲಿ ಹಾಕ್ಲಾಕ ಬರ್ತದೇನೋ?"

ಇಷ್ಟೇ ಕೋಳಿ ಸಾಕಬೇಕು ಅಂತ ಇಲ್ಲಿ ಕಾನೂನಿಲ್ಲ. ಕೆಲವು ಮನೆಗಳ ಕರಾರಿನಲ್ಲಿ ಸಾಕಲೇಬಾರದು ಅಂತ ಇರುತ್ತದೆ, ಬಾಡಿಗೆಗೆ ಇರುವವರು ಅದನ್ನು ನೋಡಿಕೊಳ್ಳಬೇಕು. ಸದ್ದಿನ ವಿಷಯ ಬೇರೆ. 1990ರ ಪರಿಸರ ಸಂರಕ್ಷಣಾ ಕಾಯ್ದೆ ಪ್ರಕಾರ ವಿಪರೀತ ಸದ್ದೂ ಉಪದ್ರವವೇ. ಎಷ್ಟು ಹೊತ್ತಿಗೆ ಕೂಗಿತು, ಎಷ್ಟು ಹೊತ್ತು ಕೂಗಿತು ಅಂತ ದೂರು ಕೊಟ್ಟವರಿಂದ ಡೈರಿ ಬರೆಸುತ್ತಾರೆ. ಅಧಿಕಾರಿಗಳಿಗೆ ಹೌದು ಅನ್ನಿಸಿದರೆ ನೋಟಿಸ್, ಅದಕ್ಕೂ ಬಗ್ಗದಿದ್ದರೆ ಕೋರ್ಟು, ದಂಡ. ಕೋಳಿ ಕೂಗಿದ್ದಕ್ಕೆ ಡೈರಿ! ಆದರೆ ನನಗೆ ಇದು ಸರಿ ಅನ್ನಿಸಿತು, ಸುಮ್ನೆ ಬಾಯಿಮಾತಿನ ದೂರಿಗೆ ಇಲ್ಲಿ ಬೆಲೆ ಇಲ್ಲ ಅಂತಾಯಿತಲ್ವಾ.

ಪಕ್ಕದ ಮನೆಯಾಕೆಯನ್ನೇ ಹೋಗಿ ಕೇಳಿದೆ. ಆಕೆಗೆ ರಾತ್ರಿ ಪಾಳಿ, ಬೆಳಿಗ್ಗೆ ಬಂದು ಮಲಗುತ್ತಾರೆ. ನಸುಕಿನ ಕೂಗಿಗಿಂತ ಹತ್ತು ಗಂಟೆಯ ತತ್ತಿ ಗದ್ದಲವೇ ಅವರಿಗೆ ಜಾಸ್ತಿ ಕಾಟ. ನಸುಕಿಗೆ ಉಪಾಯ ಸುಲಭ. ಗಾಳಿಯಾಡುವ ಕಿಂಡಿ ಬಿಟ್ಟು ಗೂಡನ್ನು ಒಳಗೆ ಕತ್ತಲು ಮಾಡಿದೆವು, ತಾನೇ ತೆರೆಯುವ ಬಾಗಿಲಿಗೆ ಏಳೂವರೆ ಇಟ್ಟೆವು. ಹಗಲಿನ ಗದ್ದಲಕ್ಕೆ ಗೂಡನ್ನೇ ಬೇಲಿಯಿಂದ ಎತ್ತಿ ನಮ್ಮ ಅಡುಗೆಮನೆ ಕಿಟಕಿಯ ಹತ್ತಿರ ತಂದೆವು. ಈಗ ಮೊದಲು ನಮ್ಮ ಕಿವಿಗೇ ಬೀಳುತ್ತದೆ. ಕೂಗಿದಾಗ ಒಂದು ಹಿಡಿ ಗೋಧಿ ಚೆಲ್ಲಿದರೆ ಸುಮ್ಮನಾಗುತ್ತವೆ, ಆದರೆ ಒಂದು ಜಾಣ ಕೋಳಿ ಈಗ ಗೋಧಿಗಾಗಿಯೇ ಕೂಗುತ್ತದೆ. ಪೂರ್ತಿ ನಿಂತಿಲ್ಲ, ಆಕೆಗೆ ನಿದ್ದೆ ಮಾಡುವಷ್ಟು ಕಡಿಮೆಯಾಗಿದೆ.

ಇಲ್ಲಿಗೆ ಬಂದು ಕೋಳಿ ಸಾಕುವ ಆಸೆ ಇದ್ದವರಿಗೆ ಇನ್ನೆರಡು ಮಾತು. ಒಂದೇ ಕೋಳಿ ಇದ್ದರೂ ಸರಕಾರದಲ್ಲಿ ಹೆಸರು ಹಚ್ಚಿಸಬೇಕು, 2024ರ ಅಕ್ಟೋಬರ್‌ನಿಂದ ಇದು ಕಡ್ಡಾಯ, ಹಕ್ಕಿಜ್ವರದ ಕಾರಣಕ್ಕೆ. ಮತ್ತೆ ಅಡುಗೆಮನೆಯಲ್ಲಿ ಉಳಿದದ್ದನ್ನು ಹಾಕುವ ಹಾಗಿಲ್ಲ, ಮನೆಯವರೆಲ್ಲ ಹಾಲು ಮೊಸರೂ ಮುಟ್ಟದ ವೀಗನ್ ಆಗಿದ್ದರೆ ಮಾತ್ರ ಬಿಡುವು.

ಅವ್ವನಿಗೆ ಕೂಗಿನ ಕಾನೂನಿಗಿಂತ ಇದೇ ಹೆಚ್ಚು ಸಿಟ್ಟು ತರಿಸಿದೆ. "ರೊಟ್ಟಿ ಚೂರು ಹಾಕಿದ್ರ ತಪ್ಪಂತ? ಅದ್ಯಾವ ಊರೋ ಅದು!"